ಮನೆಯ ಗೊಂಬೆಯ ಜೀರ್ಣೋದ್ಧಾರ: ಕರ್ನಾಟಕದಲ್ಲಿ ದುರಸ್ತಿಯ ಜಾನಪದ ಚರಿತ್ರೆ

ಕರ್ನಾಟಕದ ಗೊಂಬೆಗಳನ್ನು ಕುರಿತ ಬರಹಗಳಲ್ಲಿ ಗೊಂಬೆ ಮಾಡುವವರ ವಿಚಾರ ಸಾಕಷ್ಟು ಬಂದಿದೆ. ಚನ್ನಪಟ್ಟಣದ ಅರಗುಬಣ್ಣದ ಕುಶಲಕರ್ಮಿಗಳು, ಕಿನ್ನಾಳದ ಚಿತ್ರಗಾರರು, ಗೋಕಾಕದ ಜೀನಗಾರರು, ತೊಗಲುಗೊಂಬೆಯ ಕಿಳ್ಳೇಕ್ಯಾತರು, ಇವರೆಲ್ಲರ ಕಸುಬು, ಕುಲ, ಮೂಲ ಮತ್ತು ಆಶ್ರಯದಾತರ ಬಗ್ಗೆ ವಿದ್ವಾಂಸರು ವಿವರ ಕಲೆಹಾಕಿದ್ದಾರೆ. ಆದರೆ ಒಮ್ಮೆ ಮಾಡಿ ಮುಗಿಸಿದ ಗೊಂಬೆ ಕೊಂಡವರ ಮನೆ ಸೇರಿದ ಮೇಲೆ ಅದರ ಗತಿ ಏನಾಯಿತು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಮರದ ಗೊಂಬೆಯೊಂದು ನೂರು ವರ್ಷ ಉಳಿದಿದ್ದರೆ ಅದನ್ನು ಮಾಡಿದ ಕೈ ಒಂದೇ ಆಗಿದ್ದರೂ ಉಳಿಸಿದ ಕೈಗಳು ಹಲವು. ಕಳಚಿದ ತೋಳನ್ನು ಅಂಟಿಸಿದವರು, ಸವೆದ ಕಣ್ಣನ್ನು ತಿದ್ದಿದವರು, ಹರಿದ ಉಡುಗೆಯನ್ನು ಬದಲಿಸಿದವರು, ಹುಳು ಹಿಡಿಯದಂತೆ ಪೆಟ್ಟಿಗೆಯಲ್ಲಿ ಬೇವಿನೆಲೆ ಇಟ್ಟವರು ಬಹುಮಟ್ಟಿಗೆ ಮನೆಯ ಹೆಂಗಸರೇ ಆಗಿದ್ದಾರೆ. ಕರಕುಶಲ ಕಲೆಯ ಚರಿತ್ರೆಯಲ್ಲಿ ಅವರಿಗೆ ಸ್ಥಾನ ದೊರೆತಿಲ್ಲ. ಹಳೆಯ ಗೊಂಬೆಯನ್ನು ಮನೆಯಲ್ಲಿ ಸರಿಪಡಿಸುವ ಕ್ರಮದ ಹಿಂದಿರುವ ನಂಬಿಕೆ, ಸಾಮಗ್ರಿ ಮತ್ತು ತಿಳಿವಳಿಕೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಜೀರ್ಣೋದ್ಧಾರ ಎಂಬ ಮಾತು

ದುರಸ್ತಿಯ ವಿಚಾರ ಕನ್ನಡ ನಾಡಿಗೆ ಹೊಸದಲ್ಲ. ಇಲ್ಲಿಯ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜ ಮತ್ತೆ ಮತ್ತೆ ಬರುತ್ತದೆ. ದೇವಾಲಯಕ್ಕೆ ಭೂಮಿಯನ್ನೋ ಸುಂಕದ ಆದಾಯವನ್ನೋ ದತ್ತಿ ಬಿಡುವಾಗ ದೇವರ ಅಂಗಭೋಗ, ರಂಗಭೋಗ ಮತ್ತು ತಪಸ್ವಿಗಳ ಆಹಾರದಾನದ ಜೊತೆಗೆ, ಮುರಿದು ಬಿರುಕು ಬಿಟ್ಟ ಭಾಗಗಳನ್ನು ಸರಿಪಡಿಸುವ ವೆಚ್ಚಕ್ಕೂ ಅವಕಾಶ ಕಲ್ಪಿಸಲಾಗುತ್ತಿತ್ತು. ಕಟ್ಟುವ ದಿನವೇ ಮುಂದೆ ಬರಲಿರುವ ಬಿರುಕನ್ನು ನೆನೆದು ಅದಕ್ಕೆ ಹಣ ತೆಗೆದಿಟ್ಟ ಈ ಪದ್ಧತಿ ದುರಸ್ತಿಗೆ ನಮ್ಮ ಹಿರಿಯರು ಕೊಟ್ಟ ಮಹತ್ವವನ್ನು ತೋರಿಸುತ್ತದೆ.

ಶಿಲ್ಪ ಮತ್ತು ಆಗಮ ಗ್ರಂಥಗಳಲ್ಲಿ ಜೀರ್ಣೋದ್ಧಾರಕ್ಕೆ ಪ್ರತ್ಯೇಕ ವಿಧಿಗಳಿವೆ. ಭಿನ್ನವಾದ ವಿಗ್ರಹ ಪೂಜೆಗೆ ಸಲ್ಲದು ಎಂಬುದು ಸಾಮಾನ್ಯ ನಿಯಮ. ಆದರೆ ಭಿನ್ನವಾದುದನ್ನು ಏನು ಮಾಡಬೇಕೆಂಬುದು ಅದು ಯಾವ ದ್ರವ್ಯದಿಂದ ಆದದ್ದು ಎಂಬುದರ ಮೇಲೆ ನಿಲ್ಲುತ್ತದೆ. ಮರದ ವಿಗ್ರಹಗಳ ವಿಷಯದಲ್ಲಿ ಒಡಿಶಾದ ಪುರಿಯ ಪದ್ಧತಿ ಪ್ರಸಿದ್ಧವಾಗಿದೆ. ಅಲ್ಲಿ ಅಧಿಕ ಆಷಾಢ ಬರುವ ಕೆಲವು ವರ್ಷಗಳಲ್ಲಿ ಜಗನ್ನಾಥ, ಬಲಭದ್ರ, ಸುಭದ್ರೆಯರ ಹಳೆಯ ಮರದ ವಿಗ್ರಹಗಳನ್ನು ಹೂಳಿ ಹೊಸ ಮರದಲ್ಲಿ ವಿಗ್ರಹಗಳನ್ನು ರೂಪಿಸುತ್ತಾರೆ. 1977, 1996 ಮತ್ತು 2015ರಲ್ಲಿ ಈ ನವಕಳೇವರ ನಡೆಯಿತು. ಅಲ್ಲಿ ದೇಹ ಹೊಸತಾಗುತ್ತದೆ, ದೇವರು ಅದೇ ಆಗಿರುತ್ತಾನೆ. ಕರ್ನಾಟಕದ ಮರದ ದೇವತೆಗಳಲ್ಲಿ ಸಾಮಾನ್ಯವಾಗಿ ಮರ ಹಳೆಯದೇ ಉಳಿದು ಬಣ್ಣ ಮಾತ್ರ ಹೊಸತಾಗುತ್ತದೆ. ಮನೆಯ ಗೊಂಬೆಯ ದುರಸ್ತಿಯನ್ನು ಅರ್ಥಮಾಡಿಕೊಳ್ಳಲು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಅಗತ್ಯ.

ಬಿಡುವ ಗೊಂಬೆ, ಉಳಿಸುವ ಗೊಂಬೆ

ಜನಪದರ ದೃಷ್ಟಿಯಲ್ಲಿ ಎಲ್ಲ ಗೊಂಬೆಗಳೂ ದುರಸ್ತಿಗೆ ಅರ್ಹವಲ್ಲ. ಉತ್ತರ ಕರ್ನಾಟಕದ ಒಕ್ಕಲು ಮನೆಗಳಲ್ಲಿ ಜ್ಯೇಷ್ಠದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯಿಂದ ಮಣ್ಣಿನ ಗೊಂಬೆಗಳ ಕಾಲ ಆರಂಭವಾಗುತ್ತದೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ಮಣ್ಣಿನ ನಾಗ, ಭಾದ್ರಪದದಲ್ಲಿ ಗಣಪತಿ ಹಾಗೂ ಜೋಕುಮಾರ, ಹೀಗೆ ಸರದಿಯ ಮೇಲೆ ಗೊಂಬೆಗಳು ಹುಟ್ಟುತ್ತವೆ. ಇವುಗಳಲ್ಲಿ ಒಂದೂ ಮರುವರ್ಷಕ್ಕೆ ಉಳಿಯುವುದಿಲ್ಲ. ಎತ್ತುಗಳು ಪೂಜೆ ಮುಗಿಸಿ ನೀರಿಗೆ ಹೋಗುತ್ತವೆ. ಜೋಕುಮಾರನು ಅಷ್ಟಮಿಗೆ ಹುಟ್ಟಿ ಹುಣ್ಣಿಮೆಯ ರಾತ್ರಿ ಸಾಯುತ್ತಾನೆ. ಗೌರಿ ಹುಣ್ಣಿಮೆಯ ಆರತಿಯಲ್ಲಿ ಬೆಳಗಿದ ಸಕ್ಕರೆ ಗೊಂಬೆಗಳನ್ನು ಮಕ್ಕಳು ತಿಂದು ಮುಗಿಸುತ್ತಾರೆ. ಕಾಲು ಮುರಿದ ಮಣ್ಣೆತ್ತನ್ನು ಅಂಟಿಸಿ ಎತ್ತಿಡಬೇಕೆಂದು ಯಾರಿಗೂ ಅನಿಸುವುದಿಲ್ಲ, ಏಕೆಂದರೆ ಮಣ್ಣು ಮಣ್ಣಿಗೆ ಸೇರುವುದೇ ಅದರ ಧರ್ಮ. ಸಕ್ಕರೆ ಗೊಂಬೆಯ ವಿಷಯದಲ್ಲಿ ಉಳಿಯುವುದು ಮರದ ಅಚ್ಚು ಮಾತ್ರ. ಮನೆಯವರು ಜೋಪಾನ ಮಾಡುವುದೂ ಅದನ್ನೇ.

ತೊಗಲುಗೊಂಬೆಗಳು ಇವೆರಡರ ನಡುವೆ ನಿಲ್ಲುತ್ತವೆ. ಹದಮಾಡಿದ ಚರ್ಮದಲ್ಲಿ ಕೊರೆದು ಬಣ್ಣ ತುಂಬಿದ ಈ ಗೊಂಬೆಗಳ ಕೀಲುಗಳು ಆಟದ ಬಿರುಸಿಗೆ ಸವೆಯುತ್ತವೆ, ಅಂಚುಗಳು ಹರಿಯುತ್ತವೆ. ಹರಿದಲ್ಲಿ ಚರ್ಮದ ತೇಪೆ ಹಾಕಿ ಹೊಲಿದು, ಕೀಲಿಗೆ ಹೊಸ ದಾರ ಕಟ್ಟಿ ಮತ್ತೆ ಪರದೆಯ ಹಿಂದೆ ತರುತ್ತಾರೆ. ಇನ್ನು ಆಗದು ಎನ್ನುವ ಸ್ಥಿತಿ ಬಂದಾಗ ಗೊಂಬೆಯನ್ನು ಗೌರವದಿಂದ ಹರಿಯುವ ನೀರಿಗೆ ಬಿಡುವ ರೂಢಿಯಿದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ಅವರ ಆಟದ ಕೌಶಲ ನಾಡಿನ ಗಮನ ಸೆಳೆಯಿತು. ಆದರೆ ತಲೆಮಾರುಗಳಿಂದ ಬಂದ ಗೊಂಬೆಗಳು ಇಂದಿಗೂ ಆಡಬಲ್ಲ ಸ್ಥಿತಿಯಲ್ಲಿರುವುದರ ಹಿಂದೆ ಸೂಜಿ, ದಾರ ಮತ್ತು ತೇಪೆಯ ನಿರಂತರ ಕೆಲಸವಿದೆ ಎಂಬುದನ್ನೂ ಗಮನಿಸಬೇಕು.

ಮಕ್ಕಳ ಆಟದ ಬಟ್ಟೆ ಗೊಂಬೆಗೆ ಇನ್ನೊಂದು ನಿಯಮ. ಹಳೆಯ ಸೀರೆ, ಕುಪ್ಪಸದ ಕಣಗಳು ಮತ್ತು ಕೌದಿ ಹೊಲಿದು ಮಿಕ್ಕ ಚಿಂದಿ ಸೇರಿ ಹುಟ್ಟುವ ಈ ಗೊಂಬೆ ಸ್ವತಃ ದುರಸ್ತಿಯ ಫಲವಾಗಿದೆ. ಗೊಂಬೆಯ ಮದುವೆ ಆಡುವ ಹುಡುಗಿಯರ ಕೈಯಲ್ಲಿ ಅದು ಹರಿಯುತ್ತದೆ, ಮತ್ತೊಂದು ಚಿಂದಿ ಮೇಲೆ ಬರುತ್ತದೆ. ಕೌದಿಯಂತೆಯೇ ಅದಕ್ಕೂ ‘ಮೊದಲಿನ ರೂಪ’ ಎಂಬುದಿಲ್ಲ. ಹೀಗೆ ಮಣ್ಣನ್ನು ಬಿಡುವುದು, ತೊಗಲನ್ನು ಆಗುವವರೆಗೆ ಹೊಲಿದು ಆಮೇಲೆ ಬಿಡುವುದು, ಬಟ್ಟೆಯನ್ನು ಕೂಡಿಸುತ್ತ ಹೋಗುವುದು, ಮರವನ್ನು ಉಳಿಸುವುದು ಎಂಬ ನಾಲ್ಕು ಕ್ರಮಗಳು ಕಂಡುಬರುತ್ತವೆ. ದುರಸ್ತಿಗೆ ಕೈಹಾಕುವ ಮೊದಲು ಗೊಂಬೆ ಈ ನಾಲ್ಕರಲ್ಲಿ ಯಾವ ವರ್ಗಕ್ಕೆ ಸೇರಿದ್ದು ಎಂಬುದನ್ನು ತಿಳಿಯುವುದೇ ಪರಂಪರೆಯ ಮೊದಲ ಪಾಠವಾಗಿತ್ತು.

ಕಿನ್ನಾಳದ ಗೊಂಬೆಯ ಒಡಲು

ಉಳಿಸಬೇಕಾದ ಮರದ ಗೊಂಬೆಗಳಲ್ಲಿ ಉತ್ತರ ಕರ್ನಾಟಕದ ಮನೆಗಳಲ್ಲಿ ಹೆಚ್ಚು ಪರಿಚಿತವಾದದ್ದು ಕಿನ್ನಾಳದ್ದು. ಕೊಪ್ಪಳದಿಂದ ಸುಮಾರು 13 ಕಿ.ಮೀ. ದೂರದಲ್ಲಿರುವ ಕಿನ್ನಾಳ ಗ್ರಾಮದ ಚಿತ್ರಗಾರರು ತಮ್ಮ ಪೂರ್ವಜರು ವಿಜಯನಗರದ ಅರಸರ ಆಶ್ರಯದಲ್ಲಿದ್ದರೆಂದೂ ಹಂಪೆಯ ವಿರೂಪಾಕ್ಷ ದೇವಾಲಯದ ಚಿತ್ರಗಳಲ್ಲಿ ಮತ್ತು ಮರದ ರಥದಲ್ಲಿ ಅವರ ಕೈಚಳಕವಿದೆಯೆಂದೂ ಹೇಳುತ್ತಾರೆ. ಈ ಹೇಳಿಕೆಯ ಐತಿಹಾಸಿಕತೆ ಏನೇ ಇರಲಿ, ಚಿತ್ರ ಮತ್ತು ಗೊಂಬೆ ಒಂದೇ ಕಸುಬಿನ ಎರಡು ಮುಖಗಳಾಗಿದ್ದವು ಎಂಬ ಸಂಗತಿ ಅವರ ತಂತ್ರದಲ್ಲಿ ಸ್ಪಷ್ಟವಾಗುತ್ತದೆ.

ಕಿನ್ನಾಳದ ಗೊಂಬೆ ಕಾಣುವಷ್ಟು ಸರಳವಲ್ಲ. ಪೊಳಕಿ ಎಂದು ಕರೆಯುವ ಹಗುರವಾದ ಮರದಲ್ಲಿ ಅಂಗಾಂಗಗಳನ್ನು ಬೇರೆಬೇರೆಯಾಗಿ ಕೆತ್ತುತ್ತಾರೆ. ಹುಣಸೆ ಬೀಜದ ಅಂಟಿನಿಂದ ಅವುಗಳನ್ನು ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆಯ ಅಂಟಿನೊಡನೆ ಕಲಸಿದ ‘ಕಿಟ್ಟ’ವನ್ನು ಮೈಮೇಲೆಲ್ಲ ಮೆತ್ತುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ಸಣ್ಣ ತುಂಡುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಒಡವೆಗಳನ್ನು ಉಬ್ಬಾಗಿ ಮೂಡಿಸಿ, ಕೊನೆಗೆ ಬಣ್ಣ ಹಚ್ಚುತ್ತಾರೆ. ಹಳೆಯ ಕಾಲದಲ್ಲಿ ಬಣ್ಣದ ಕೆಳಗೆ ಲೋಹದ ಹೊಳಪು ಕೊಡುವ ‘ಲಾಜವಾರ’ ಎಂಬ ಲೇಪನವೂ ಇತ್ತು. ಅಂದರೆ ಹೊರಗೆ ಕಾಣುವ ಬಣ್ಣದ ಕೆಳಗೆ ಲೇಪ, ಬಟ್ಟೆ, ಕಿಟ್ಟ, ಮರ ಎಂದು ಪದರಗಳಿವೆ. ಗೊಂಬೆಯ ಒಡಲೆಂದರೆ ಈ ಪದರಗಳೇ.

ಇದೇ ಬಗೆಯ ಪದರಗಳ ವಿವೇಚನೆ ಕನ್ನಡ ನಾಡಿನಲ್ಲಿ ಬಹಳ ಹಿಂದಿನದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) ‘ಮಾನಸೋಲ್ಲಾಸ’ದಲ್ಲಿ ಚಿತ್ರ ಬರೆಯುವ ಗೋಡೆಯನ್ನು ಅಣಿಗೊಳಿಸುವ ವಿಧಾನ ಬರುತ್ತದೆ. ಎಮ್ಮೆಯ ತೊಗಲನ್ನು ಕುದಿಸಿ ತೆಗೆದ ‘ವಜ್ರಲೇಪ’ ಎಂಬ ಅಂಟನ್ನು ಬಿಳಿ ಮಣ್ಣಿನೊಡನೆ ಬೆರೆಸಿ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಲೇಪಿಸಬೇಕೆಂದು ಅಲ್ಲಿ ಹೇಳಿದೆ. ಅಂಟು ಯಾವುದು, ಅದು ಎಷ್ಟು ಹೊತ್ತು ಒಣಗಬೇಕು, ಅದರ ಮೇಲೆ ಯಾವ ಬಣ್ಣ ನಿಲ್ಲುತ್ತದೆ ಎಂಬ ಜ್ಞಾನವು ಆಸ್ಥಾನದಲ್ಲಿ ಗ್ರಂಥರೂಪ ತಾಳಿತು, ಕಸುಬುದಾರರಲ್ಲಿ ಕೈಯಿಂದ ಕೈಗೆ ಸಾಗಿತು.

ಇಂಥ ಗೊಂಬೆಗೆ ಒದಗುವ ಕೇಡುಗಳೂ ಪದರಗಳನ್ನೇ ಅನುಸರಿಸುತ್ತವೆ. ಮಳೆಗಾಲದಲ್ಲಿ ಮರ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೇಲಿನ ಲೇಪ ಅಷ್ಟೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗಲಾರದ ಕಾರಣ ಸಂದುಗಳಲ್ಲಿ ಬಿರುಕು ಮೂಡುತ್ತದೆ. ಹುಣಸೆಯ ಅಂಟು ಆಹಾರವೂ ಆಗಿರುವುದರಿಂದ ಜಿರಲೆ ಮತ್ತು ಬೆಳ್ಳಿಮೀನು ಹುಳುಗಳು ಅದನ್ನು ತಿನ್ನುತ್ತವೆ. ಕೊರೆಹುಳು ಒಳಗಿನ ಮರವನ್ನು ಟೊಳ್ಳು ಮಾಡುತ್ತದೆ. ಇಷ್ಟು ಕೇಡುಗಳ ನಡುವೆ ಗೊಂಬೆಗೆ ಎಲ್ಲಕ್ಕಿಂತ ಹೆಚ್ಚು ಅಪಾಯ ಒದಗುವುದು ಒದ್ದೆ ಬಟ್ಟೆಯಿಂದ ಎಂಬುದು ವಿಪರ್ಯಾಸವಾಗಿ ತೋರಬಹುದು. ನೀರು ತಾಗಿದೊಡನೆ ಹುಣಸೆಯ ಅಂಟು ಮೆದುವಾಗಿ ಲೇಪ ಸಡಿಲಗೊಳ್ಳುತ್ತದೆ, ಒರೆಸಿದ ಬಟ್ಟೆಯೊಡನೆ ಬಣ್ಣವೂ ಎದ್ದು ಬರುತ್ತದೆ. ಶುಚಿ ಮಾಡುವ ಒಳ್ಳೆಯ ಉದ್ದೇಶದಿಂದ ಕೆಟ್ಟ ಗೊಂಬೆಗಳು ಹುಳು ತಿಂದು ಕೆಟ್ಟವುಗಳಿಗಿಂತ ಕಡಿಮೆಯಿರಲಾರವು.

ಅರಗಿನ ಗೊಂಬೆ ಮತ್ತು ಪಟ್ಟದ ಗೊಂಬೆ

ಕಿನ್ನಾಳದ ಗೊಂಬೆಗೆ ಸಲ್ಲುವ ಉಪಾಯ ಚನ್ನಪಟ್ಟಣದ ಗೊಂಬೆಗೆ ಸಲ್ಲದು. ಟಿಪ್ಪು ಸುಲ್ತಾನನ ಕಾಲದ ಪ್ರೋತ್ಸಾಹವನ್ನು ನೆನೆಯುವ ಚನ್ನಪಟ್ಟಣದ ಕಸುಬಿನಲ್ಲಿ ಹಾಲೆ ಮರವನ್ನು ಲೇತ್ ಯಂತ್ರದಲ್ಲಿ ತಿರುಗಿಸುತ್ತ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಗರಿಯಿಂದ ಒತ್ತಿ ತಿಕ್ಕಿದಾಗ ಹೊಳಪು ಬರುತ್ತದೆ. ಇಲ್ಲಿ ಕಿಟ್ಟವಿಲ್ಲ, ಅಂಟಿಲ್ಲ, ಕುಂಚವೂ ಇಲ್ಲ. ಬಿಸಿಯೇ ಬಣ್ಣ ಹಚ್ಚುವ ಸಾಧನ. ಹೀಗಾಗಿ ಅರಗು ಎದ್ದುಹೋದ ಜಾಗಕ್ಕೆ ಮನೆಯಲ್ಲಿ ಕುಂಚದಿಂದ ಬಣ್ಣ ಹಚ್ಚಿದರೆ ಅದು ತೇಪೆಯಾಗಿಯೇ ಉಳಿಯುತ್ತದೆ. ಸ್ಪಿರಿಟ್ ತಾಗಿಸಿದರೆ ಇದ್ದ ಅರಗೂ ಕರಗಿಹೋಗುತ್ತದೆ. ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ, ಬಿಸಿಲಿಗೂ ದೀಪದ ಕಾವಿಗೂ ದೂರ ಇಡುವುದಷ್ಟೇ ಇದಕ್ಕೆ ಸಲ್ಲುವ ಆರೈಕೆ.

ಹಳೆಯ ಮೈಸೂರು ಪ್ರದೇಶದ ಮನೆಗಳಲ್ಲಿ ನವರಾತ್ರಿಗೆ ಕೂರಿಸುವ ಪಟ್ಟದ ಗೊಂಬೆಗಳ ಸಂಗತಿ ಇನ್ನೂ ಬೇರೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಆಚರಣೆ ಅರಮನೆಯದಾದರೆ, ಮೆಟ್ಟಿಲ ಮೇಲಿನ ಗೊಂಬೆಗಳು ಅದರ ಮನೆಯ ರೂಪವಾಗಿ ಬೆಳೆದವು. ಮೈಸೂರು ಅರಮನೆಯ ಗೊಂಬೆ ತೊಟ್ಟಿ ಈ ಎರಡರ ಸಂಬಂಧಕ್ಕೆ ಸಾಕ್ಷಿಯಾಗಿದೆ. ರಕ್ತಚಂದನದ ಗಂಡು ಹೆಣ್ಣು ಗೊಂಬೆಗಳನ್ನು ತವರಿನವರು ಮದುವೆಯಲ್ಲಿ ಮಗಳಿಗೆ ಕೊಡುತ್ತಾರೆ. ಗಟ್ಟಿ ಮರವಾದ್ದರಿಂದ ಹುಳು ಹಿಡಿಯುವುದು ಅಪರೂಪ. ಬಣ್ಣವಿಲ್ಲದ ಕಾರಣ ಬಣ್ಣ ಹೋಗುವ ಪ್ರಶ್ನೆಯೂ ಇಲ್ಲ. ಇಲ್ಲಿ ದುರಸ್ತಿಯೆಂದರೆ ಉಡುಗೆಯ ದುರಸ್ತಿ. ಪ್ರತಿವರ್ಷ ರೇಷ್ಮೆಯ ತುಂಡು, ಜರಿಯ ಅಂಚು, ಮಣಿ, ಬಣ್ಣದ ಕಾಗದಗಳಿಂದ ಗೊಂಬೆಯನ್ನು ಹೊಸದಾಗಿ ಸಿಂಗರಿಸುತ್ತಾರೆ. ವಿಜಯದಶಮಿಯ ರಾತ್ರಿ ಗೊಂಬೆಯನ್ನು ಮಲಗಿಸಿ, ಮರುದಿನ ಹಳೆಯ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಾರೆ. ಆಂಧ್ರದ ಶೇಷಾಚಲದ ಕಾಡುಗಳಲ್ಲಿ ಬೆಳೆಯುವ ರಕ್ತಚಂದನವು 1995ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿತು. ಕಾಡಿನ ಮೇಲಿನ ಕಾವಲೂ ಬಿಗಿಯಾಗಿರುವ ಈ ದಿನಗಳಲ್ಲಿ ಅಜ್ಜಿಯ ಪಟ್ಟದ ಗೊಂಬೆಗೆ ಬದಲಿ ತರುವುದು ಸುಲಭವಲ್ಲ, ಇರುವುದನ್ನು ಉಳಿಸಿಕೊಳ್ಳುವುದೇ ದಾರಿ.

ಬಣ್ಣಕ್ಕೆ ಹೋಗುವ ದೇವತೆ

ಉತ್ತರ ಕರ್ನಾಟಕದಲ್ಲಿ ಮರದ ಗೊಂಬೆಯ ದುರಸ್ತಿ ಒಂದು ಮನೆಯ ಕೆಲಸವನ್ನು ಮೀರಿ ಊರಿನ ಕೆಲಸವಾಗುವುದು ಗ್ರಾಮದೇವತೆಯ ಜಾತ್ರೆಯಲ್ಲಿ. ಬೇಲೂರು ಎಂದೊಡನೆ ಹಾಸನ ಜಿಲ್ಲೆಯ, 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯದ ಶಿಲಾಬಾಲಿಕೆಯರು ನೆನಪಾಗುತ್ತಾರೆ. ಆ ಕಲ್ಲಿನ ಗೊಂಬೆಗಳ ರಕ್ಷಣೆಗೆ ಸರ್ಕಾರದ ಇಲಾಖೆಯಿದೆ. ಅದೇ ಹೆಸರಿನ ಇನ್ನೊಂದು ಬೇಲೂರು ಧಾರವಾಡ ತಾಲ್ಲೂಕಿನಲ್ಲಿದೆ. ಬೆಳಗಾವಿಯತ್ತ ಸಾಗುವ ಹೆದ್ದಾರಿಯ ಬದಿಯ ಈ ಊರು ಇಂದು ಕೈಗಾರಿಕಾ ಪ್ರದೇಶವೆಂದೇ ಹೆಚ್ಚು ಪರಿಚಿತ. ಈ ಭಾಗದ ಹಳ್ಳಿಗಳು ಸೇರಿದಂತೆ ಧಾರವಾಡ, ಬೆಳಗಾವಿ, ಹಾವೇರಿ, ಗದಗ ಜಿಲ್ಲೆಗಳಲ್ಲಿ ದ್ಯಾಮವ್ವ, ದುರ್ಗವ್ವರ ಮರದ ವಿಗ್ರಹಗಳನ್ನು ಪೂಜಿಸುವ ಪರಂಪರೆ ಬಲವಾಗಿದೆ. ಅವುಗಳ ರಕ್ಷಣೆಗೆ ಇಲಾಖೆಯಿಲ್ಲ. ಇರುವುದು ಊರಿನ ಕಟ್ಟಳೆ ಮಾತ್ರ.

ಕೆಲವು ವರ್ಷಗಳ ಅಂತರದಲ್ಲಿ ಬರುವ ಜಾತ್ರೆಗೆ ಮುನ್ನ ದೇವಿಯನ್ನು ‘ಬಣ್ಣಕ್ಕೆ ಕಳಿಸುವ’ ಶಾಸ್ತ್ರ ನಡೆಯುತ್ತದೆ. ಬಡಿಗೇರರೋ ಚಿತ್ರಗಾರರೋ ಬಣ್ಣದ ಕೆಲಸ ನಡೆಸುವ ಅವಧಿಯಲ್ಲಿ ದೇವಿ ದರ್ಶನಕ್ಕೆ ಸಿಗುವುದಿಲ್ಲ. ಊರಿನವರು ವಾರ ಹಿಡಿಯುತ್ತಾರೆ, ಕೆಲವೆಡೆ ಹೊರಬೀಡು ಆಚರಿಸುತ್ತಾರೆ. ಸಡಿಲವಾದ ಸಂದು ಬಿಗಿಯಾಗುತ್ತದೆ, ಬಿರುಕು ಮುಚ್ಚುತ್ತದೆ, ಮೈಬಣ್ಣ ಮೂಡುತ್ತದೆ. ಕಣ್ಣಿನ ಗುಡ್ಡೆಯನ್ನು ಮಾತ್ರ ಕೊನೆಗೆ ಉಳಿಸಿ, ದೃಷ್ಟಿ ಇಡುವ ಶಾಸ್ತ್ರದೊಡನೆ ಕೆಲಸ ಮುಗಿಯುತ್ತದೆ. ಆಮೇಲೆ ಉಡಿ ತುಂಬುವುದು, ಹೊನ್ನಾಟ ಮತ್ತು ರಥೋತ್ಸವ. ಉತ್ತರ ಕನ್ನಡದ ಶಿರಸಿಯ ಮಾರಿಕಾಂಬೆಯದೂ ಮರದ ವಿಗ್ರಹವೇ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ ಮುಗಿದ ಮೇಲೆ ದೇವಿಯ ದರ್ಶನ ನಿಂತು, ಯುಗಾದಿಗೆ ಮತ್ತೆ ಪ್ರತಿಷ್ಠೆ ನಡೆಯುತ್ತದೆ.

ಈ ಆಚರಣೆಯಲ್ಲಿ ದುರಸ್ತಿಯ ಒಂದು ತತ್ತ್ವ ಅಡಗಿದೆ. ಹಳೆಯದನ್ನು ಹಳೆಯದಾಗಿಯೇ ಕಾಪಾಡುವುದು ಇಲ್ಲಿಯ ಗುರಿಯಲ್ಲ. ಬಣ್ಣ ಮಾಸಿದ ದೇವಿ ಊರಿಗೆ ಶೋಭೆಯಲ್ಲ. ಹೊಸ ಬಣ್ಣದಲ್ಲಿ ಹೊರಬಂದವಳು ಹೊಸ ದೇವಿಯೂ ಅಲ್ಲ. ಹಳೆಯ ಮರದ ಮೇಲೆ ಕಾಲಕಾಲಕ್ಕೆ ಹೊಸ ಬಣ್ಣ ಬರುವುದರಿಂದಲೇ ಪೂಜೆ ಮುಂದುವರಿಯುತ್ತದೆ. ಮನೆಯ ಗೊಂಬೆಯನ್ನು ಸರಿಪಡಿಸುವ ಹೆಂಗಸು ಹಬ್ಬದ ಮುನ್ನ ಅದಕ್ಕೆ ಕಣ್ಣು ತೀಡುವಾಗ ಇದೇ ತತ್ತ್ವವನ್ನು ಅನುಸರಿಸುತ್ತಾಳೆ.

ಪದರಗಳ ಸಾಕ್ಷ್ಯ

ಇದಕ್ಕೆ ಎದುರಾಗಿ ಆಧುನಿಕ ಸಂರಕ್ಷಣಾ ವಿಜ್ಞಾನದ ನಿಲುವು ನಿಂತಿದೆ. ಸ್ಮಾರಕಗಳ ಸಂರಕ್ಷಣೆಯನ್ನು ಕುರಿತ 1964ರ ವೆನಿಸ್ ಸನದು, ಊಹೆ ಆರಂಭವಾಗುವಲ್ಲಿ ದುರಸ್ತಿ ನಿಲ್ಲಬೇಕೆಂಬ ನಿಯಮವನ್ನು ಮುಂದಿಟ್ಟಿತು. ಕಟ್ಟಡಗಳಿಗಾಗಿ ಹುಟ್ಟಿದ ಈ ನಿಲುವು ವಸ್ತುಸಂಗ್ರಹಾಲಯಗಳ ಕೆಲಸದಲ್ಲಿಯೂ ನೆಲೆಗೊಂಡಿದೆ. ಮಾಡಿದ ದುರಸ್ತಿಯನ್ನು ಬೇಕೆಂದಾಗ ಬಿಚ್ಚುವಂತಿರಬೇಕು, ಮಾಡಿದ್ದನ್ನು ಬರೆದಿಡಬೇಕು, ಹಿಂದಿನ ಪದರವನ್ನು ಅಳಿಸಬಾರದು ಎಂಬುದು ಅದರ ಸಾರ. ಭಾರತದಲ್ಲಿ 1976ರಲ್ಲಿ ಲಖನೌದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾಲಯ ಮತ್ತು ಮೈಸೂರಿನಲ್ಲಿರುವ ಅದರ ಪ್ರಾದೇಶಿಕ ಕೇಂದ್ರ ಈ ಮಾದರಿಯ ಕೆಲಸಕ್ಕಾಗಿಯೇ ಹುಟ್ಟಿದವು. ಯುರೋಪಿನಲ್ಲಿ ಮನೆಯ ಗೊಂಬೆಗಳಿಗೆ ಪ್ರತ್ಯೇಕ ದುರಸ್ತಿ ಅಂಗಡಿಗಳೇ ಬೆಳೆದವು. ಪೋರ್ಚುಗಲ್ಲಿನ ಲಿಸ್ಬನ್ ನಗರದ ‘ಗೊಂಬೆಗಳ ಆಸ್ಪತ್ರೆ’ 1830ರಿಂದ ನಡೆದುಬಂದಿದೆ. ನಮ್ಮಲ್ಲಿ ಆ ಕೆಲಸ ಅಂಗಡಿಯ ರೂಪ ತಾಳದೆ ಮನೆಯೊಳಗೇ ಉಳಿಯಿತು, ಹಾಗಾಗಿ ದಾಖಲೆಗೂ ಬರಲಿಲ್ಲ.

ಆದರೂ ದಾಖಲೆ ಸಂಪೂರ್ಣ ಇಲ್ಲವೆಂದು ಹೇಳಲಾಗದು. ಗೊಂಬೆಯ ಮೈಯೇ ದಾಖಲೆಯಾಗಿದೆ. ಸಂಶ್ಲೇಷಿತ ನೀಲಿಯನ್ನು ತಯಾರಿಸುವ ವಿಧಾನ ಯುರೋಪಿನಲ್ಲಿ 1828ರಲ್ಲಿ ಸಿದ್ಧವಾಯಿತು. ಬಟ್ಟೆಗೆ ಹಾಕುವ ನೀಲಿಯ ರೂಪದಲ್ಲಿ ಅದು ಮನೆಮನೆಗೆ ಬಂದದ್ದು ಅದಕ್ಕಿಂತ ಈಚೆಗೆ. ಟೈಟಾನಿಯಂ ಬಿಳಿ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ನಂತರದ್ದು. ಮರಗೆಲಸದ ಬಿಳಿ ಅಂಟು ಫೆವಿಕಾಲ್ ಎಂಬ ಹೆಸರಿನಲ್ಲಿ ಭಾರತದ ಪೇಟೆಗೆ ಬಂದದ್ದು 1959ರಲ್ಲಿ. ಗೊಂಬೆಯ ಭುಜದ ಸಂದಿನಲ್ಲಿ ಹುಣಸೆಯ ಅಂಟು, ಮೊಣಕೈಯಲ್ಲಿ ಬಿಳಿ ಅಂಟು ಕಂಡರೆ ಅದು ಕನಿಷ್ಠ ಎರಡು ಬೇರೆ ಕಾಲಗಳ ಕೈಕೆಲಸವನ್ನು ಸೂಚಿಸಬಹುದು. ಇಂಗಳೀಕದ ಕೆಂಪಿನ ಮೇಲೆ ಡಬ್ಬಿಯ ಎನಾಮೆಲ್ ಕೆಂಪು ಕುಳಿತಿದ್ದರೆ ಖನಿಜ ಬಣ್ಣದಿಂದ ಕಾರ್ಖಾನೆಯ ಬಣ್ಣಕ್ಕೆ ಆ ಮನೆ ಹೊರಳಿದ ಗಳಿಗೆ ಅಲ್ಲಿ ಅಚ್ಚಾಗಿರುತ್ತದೆ. ಗೊಂಬೆಗೆ ಉಡಿಸಿದ ಸೀರೆಯ ತುಂಡು ಯಾವ ನೇಯ್ಗೆಯದು, ಒಳಗೆ ತುರುಕಿದ ಕಾಗದ ಯಾವ ವರ್ಷದ ಪತ್ರಿಕೆಯದು ಎಂಬುದನ್ನೂ ಹೀಗೆಯೇ ಓದಬಹುದು. ಹಳೆಯ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿ ತೆಗೆದು ಹೊಸದು ಹಚ್ಚಿದಾಗ ಈ ಬರಹವೆಲ್ಲ ಒಂದು ಮಧ್ಯಾಹ್ನದಲ್ಲಿ ಅಳಿಸಿಹೋಗುತ್ತದೆ.

ಎನಾಮೆಲ್ ಬಣ್ಣದಿಂದ ಇನ್ನೊಂದು ಬಗೆಯ ಹಾನಿಯೂ ಇದೆ. ಕಿಟ್ಟ ಮತ್ತು ಹುಣಸೆಯ ಅಂಟಿನ ಪದರಗಳು ಗಾಳಿಯ ತೇವವನ್ನು ಹೀರಿ ಬಿಡುತ್ತವೆ. ಅದರ ಮೇಲೆ ಬಿಗಿಯಾದ ಎಣ್ಣೆಬಣ್ಣದ ಹೊದಿಕೆ ಕುಳಿತಾಗ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಕೆಲವು ವರ್ಷಗಳಲ್ಲಿ ಹೊಸ ಬಣ್ಣವು ಹಳೆಯ ಲೇಪವನ್ನೂ ಹಿಡಿದುಕೊಂಡು ಸಿಪ್ಪೆಯಾಗಿ ಏಳುತ್ತದೆ. ಮೊದಲ ಚಿತ್ರಗಾರನ ರೇಖೆ ಆ ಸಿಪ್ಪೆಯೊಡನೆ ಹೋಗುತ್ತದೆ.

ಪೂಜೆಯ ತತ್ತ್ವ ಮತ್ತು ಸಾಕ್ಷ್ಯದ ತತ್ತ್ವ ಇವೆರಡರಲ್ಲಿ ಒಂದನ್ನು ಮಾತ್ರ ಸರಿಯೆನ್ನುವುದು ಜಾನಪದ ಅಧ್ಯಯನಕ್ಕೆ ಉಚಿತವಾಗದು. ಪೂಜೆಗೊಳ್ಳುವ ದೇವಿಗೆ ಹೊಸ ಬಣ್ಣ ಬೇಡವೆನ್ನಲು ಸಂಶೋಧಕನಿಗೆ ಅಧಿಕಾರವಿಲ್ಲ. ಪೂಜೆ ನಿಂತು, ಕಪಾಟಿನಲ್ಲಿ ನೆನಪಾಗಿ ಕುಳಿತ ಗೊಂಬೆಗೆ ಹೊಸ ಬಣ್ಣ ಹಚ್ಚಲು ಅವಸರವೂ ಇಲ್ಲ. ಗೊಂಬೆ ಇನ್ನೂ ಯಾವ ಬಾಳನ್ನು ಬಾಳುತ್ತಿದೆ ಎಂಬುದೇ ದುರಸ್ತಿಯ ಮಿತಿಯನ್ನು ನಿರ್ಣಯಿಸಬೇಕು.

ಮನೆಯಲ್ಲಿ ಆಗುವ ಕೆಲಸ

ಪರಂಪರೆಯ ತಿಳಿವಳಿಕೆ ಮತ್ತು ಸಂರಕ್ಷಣಾ ವಿಜ್ಞಾನ ಒಂದಾಗುವ ಅಂಶಗಳೂ ಇವೆ. ಎರಡರಲ್ಲಿಯೂ ಮೊದಲ ಹೆಜ್ಜೆ ನೋಡುವುದು. ಗೊಂಬೆಯನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ ಕೆಲವು ದಿನ ಬಿಟ್ಟರೆ, ಹಿಟ್ಟಿನಂಥ ಪುಡಿ ಉದುರುವುದರಿಂದ ಕೊರೆಹುಳು ಇನ್ನೂ ಇದೆಯೇ ಎಂಬುದು ತಿಳಿಯುತ್ತದೆ. ಧೂಳನ್ನು ಮೆತ್ತನೆಯ ಒಣ ಕುಂಚದಿಂದ ತೆಗೆಯಬೇಕು. ಬಣ್ಣ ಏಳುತ್ತಿರುವ ಜಾಗವನ್ನು ಮುಟ್ಟಬಾರದು. ಹಳೆಯ ಬಣ್ಣಗಳಲ್ಲಿ ಇಂಗಳೀಕಕ್ಕೆ ಪಾದರಸ, ಹರಿತಾಳಕ್ಕೆ ಪಾಷಾಣ, ಸಫೇದಕ್ಕೆ ಸೀಸ ಮೂಲವಾದ ಕಾರಣ ಅವುಗಳನ್ನು ಉಜ್ಜಿ ಧೂಳೆಬ್ಬಿಸುವುದು ಮಕ್ಕಳಿರುವ 
ಮನೆಯಲ್ಲಿ ಅಪಾಯಕರ.

ಕಳಚಿದ ಅಂಗವನ್ನು ಕೂಡಿಸಲು ಹುಣಸೆ ಬೀಜದ ಅಂಟು ಇಂದಿಗೂ ಉಪಯುಕ್ತವಾಗಿದೆ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ನುಣ್ಣಗೆ ಅರೆದು, ಸಣ್ಣ ಉರಿಯಲ್ಲಿ ಕೈಬಿಡದೆ ಕಲಕುತ್ತ ಬೇಯಿಸಿದರೆ ಅಂಟು ಸಿದ್ಧವಾಗುತ್ತದೆ. ಪುಸ್ತಕ ಕಟ್ಟುವವರು ಇಂಥ ಅಂಟಿಗೆ ಹುಳು ಹಿಡಿಯದಂತೆ ಚಿಟಿಕೆ ಮೈಲುತುತ್ತ ಸೇರಿಸುವುದುಂಟು. ಅದು ವಿಷವಾದ್ದರಿಂದ ಅಡುಗೆಯ ಪಾತ್ರೆಯನ್ನು ಬಳಸಬಾರದು. ಈ ಅಂಟಿನ ಹೆಚ್ಚಿನ ಗುಣ ಅದರ ಬಲಹೀನತೆಯೇ ಆಗಿದೆ. ಮುಂದೊಂದು ದಿನ ತಪ್ಪು ತಿದ್ದಬೇಕಾದಾಗ ತುಸು ತೇವದಿಂದ ಸಂದನ್ನು ಮತ್ತೆ ಬಿಡಿಸಬಹುದು. ವಿಜ್ಞಾನ ಬಯಸುವ ‘ಬಿಚ್ಚಬಹುದಾದ ದುರಸ್ತಿ’ಯನ್ನು ಹಳೆಯ ಮನೆಗಳು ಹೆಸರಿಡದೆಯೇ ಆಚರಿಸಿದ್ದವು. ಗಟ್ಟಿಯಾದ ಆಧುನಿಕ ಅಂಟು ಹಾಕಿದಲ್ಲಿ ಮುಂದಿನ ಪೆಟ್ಟಿಗೆ ಸಂದಿನ ಬದಲು ಮರವೇ ಸೀಳುತ್ತದೆ.

ಬಣ್ಣದ ವಿಷಯದಲ್ಲಿ, ಹೋದ ಜಾಗಕ್ಕಷ್ಟೇ ನೀರಿನಲ್ಲಿ ಕಲಸುವ ಬಣ್ಣವನ್ನು ಹಚ್ಚಿ, ಉಳಿದ ಹಳೆಯ ಬಣ್ಣವನ್ನು ಹಾಗೆಯೇ ಬಿಡುವುದು ಮೇಲು. ಉಡುಗೆಯನ್ನು ಬದಲಿಸುವಾಗ ಹಳೆಯ ಬಟ್ಟೆಯನ್ನು ಎಸೆಯದೆ ಮಡಿಸಿ ಪೆಟ್ಟಿಗೆಯ ತಳದಲ್ಲಿ ಇಡುವುದು ಲೇಸು. ಪೆಟ್ಟಿಗೆಯನ್ನು ನೆಲದಿಂದ ಎತ್ತರದಲ್ಲಿ, ಅಡುಗೆಮನೆಯ ಉಗಿ ತಾಗದಲ್ಲಿ ಇರಿಸಿ, ಒಣಗಿದ ಬೇವಿನೆಲೆಯನ್ನು ವರ್ಷಕ್ಕೊಮ್ಮೆ ಬದಲಿಸುವ ಪದ್ಧತಿಯೂ ಮುಂದುವರಿಸಲು ಯೋಗ್ಯವಾಗಿದೆ. ಸಂದು ಕೂಡಿಸುವುದಕ್ಕಿಂತ ಹೆಚ್ಚಿನ ಕೆಲಸ ಬೇಕಾದರೆ ಕಿನ್ನಾಳ ಇಂದಿಗೂ ಇದೆ, ಚಿತ್ರಗಾರರೂ ಇದ್ದಾರೆ. ಅವರ ಬಳಿ ಹಳೆಯ ಗೊಂಬೆಯನ್ನು ಒಯ್ಯುವುದು ಆ ಕಸುಬಿಗೂ ಒಂದು ಆಸರೆ.

ಇದರೊಡನೆ ಕಾನೂನಿನ ಒಂದು ಸಂಗತಿಯನ್ನೂ ನೆನೆಯಬೇಕು. 1972ರ ಪುರಾವಸ್ತು ಮತ್ತು ಕಲಾನಿಧಿಗಳ ಅಧಿನಿಯಮದ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಚಿತ್ರ ಮತ್ತು ಕುಶಲ ಕೃತಿಗಳು ಪುರಾವಸ್ತುವಿನ ವ್ಯಾಖ್ಯೆಗೆ ಒಳಪಡುತ್ತವೆ. ಮುತ್ತಜ್ಜಿಯ ಕಾಲದ ಗೊಂಬೆ ಕುಟುಂಬದ ಸ್ವತ್ತಾಗಿದ್ದರೂ ನಾಡಿನ ಚರಿತ್ರೆಯ ಆಕರವೂ ಆಗಿದೆ.

ಸಮಾರೋಪ

ಕಮಲಾದೇವಿ ಚಟ್ಟೋಪಾಧ್ಯಾಯರ ಮುಂದಾಳುತನದಲ್ಲಿ 1952ರಲ್ಲಿ ಆರಂಭವಾದ ಅಖಿಲ ಭಾರತ ಕರಕುಶಲ ಮಂಡಳಿಯಿಂದ ಮೊದಲುಗೊಂಡು ಇಂದಿನ ಭೌಗೋಳಿಕ ಸೂಚಕದ ಮಾನ್ಯತೆಯವರೆಗೆ ಗೊಂಬೆ ಮಾಡುವವರ ಪರವಾಗಿ ಹಲವು ಪ್ರಯತ್ನಗಳು ನಡೆದಿವೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಮೊದಲಾದ ಸಂಸ್ಥೆಗಳು ಗೊಂಬೆಗಳನ್ನು ಸಂಗ್ರಹಿಸಿವೆ. ಇನ್ನು ಆಗಬೇಕಾದದ್ದು ಗೊಂಬೆಗಳನ್ನು ಉಳಿಸಿದವರ ಜ್ಞಾನದ ಸಂಗ್ರಹ. ಯಾವ ಮನೆಯಲ್ಲಿ ಯಾವ ಅಂಟು, ಯಾವ ಬಣ್ಣ, ಯಾವ ಬಟ್ಟೆ ಬಳಸಿದರು, ಯಾರು ಯಾರಿಂದ ಕಲಿತರು, ಯಾವ ಗೊಂಬೆಯನ್ನು ಏಕೆ ನೀರಿಗೆ ಬಿಟ್ಟರು, ಯಾವುದನ್ನು ಏಕೆ ಬಿಡಲಿಲ್ಲ ಎಂಬ ವಿವರಗಳು ಹಿರಿಯ ಹೆಂಗಸರ ನೆನಪಿನಲ್ಲಿವೆ. ಕ್ಷೇತ್ರಕಾರ್ಯದ ಪ್ರಶ್ನಾವಳಿಗಳಲ್ಲಿ ‘ಯಾರು ಮಾಡಿದರು’ ಎಂಬುದರ ಜೊತೆಗೆ ‘ಯಾರು ಸರಿಪಡಿಸಿದರು’ ಎಂಬ ಒಂದು ಪ್ರಶ್ನೆ ಸೇರಿದರೆ ಈ ಸಂಗ್ರಹಕ್ಕೆ ದಾರಿಯಾಗುತ್ತದೆ.

ಮನೆಯವರ ಕಡೆಯಿಂದಲೂ ಒಂದು ಸಣ್ಣ ಕೆಲಸ ಆಗಬಹುದು. ಗೊಂಬೆಯನ್ನು ಸರಿಪಡಿಸಿದ ದಿನ ಒಂದು ಚೀಟಿಯಲ್ಲಿ ವರ್ಷ, ಸರಿಪಡಿಸಿದವರ ಹೆಸರು, ಬಳಸಿದ ಅಂಟು ಮತ್ತು ಬಣ್ಣವನ್ನು ಬರೆದು ಪೆಟ್ಟಿಗೆಯಲ್ಲಿ ಇಡುವುದು. ದೇವಾಲಯದ ಬಿರುಕನ್ನು ಮುಚ್ಚಿದ ಖರ್ಚಿಗೆ ಕಲ್ಲಿನ ಮೇಲೆ ಲೆಕ್ಕ ಬರೆಸಿದ ನಾಡಿನಲ್ಲಿ, ಗೊಂಬೆಯ ಕೈಯನ್ನು ಕೂಡಿಸಿದವಳ ಹೆಸರಿಗೆ ಅಂಗೈಯಗಲದ ಕಾಗದವಾದರೂ ಸಲ್ಲಬೇಕು.